ಬೆರಿಲ್ ಕೊಟ್ಟ ಟ್ಯಾಂಕು

ಬ್ಯೂಡ್ಲಿ
೨೪ ಮಾರ್ಚ್ ೨೦೧೯, ಭಾನುವಾರ

ಪ್ರಿಯ ಆಲ್ವಿನ್,

ಸಂಜೆ ಐದೂವರೆ. ಬೆಳಿಗ್ಗೆ ಹುಲ್ಲು ಕತ್ತರಿಸಿದೆ. ಮಧ್ಯಾಹ್ನ ಹಿಲರಿಯ ಫೋನ್ ಬಂತು. ಆಮೇಲೆ ಗ್ಯಾರೇಜಿನ ಬಾಗಿಲು ತೆಗೆದೆ. ನೀನು ಊರು ಬಿಡುವ ಮುಂಚೆ ಕಾರನ್ನು ನಿನ್ನ ಷೆಡ್ಡಿನಿಂದ ತಂದು ನಿಲ್ಲಿಸಿಹೋಗಿ ಎರಡು ವಾರವಾಯಿತು. ಇಷ್ಟು ದಿನ ಆ ಬಾಗಿಲಿನ ಹತ್ತಿರ ಹೋಗಲು ಆಗಿರಲಿಲ್ಲ.

ಹೊದಿಕೆ ಎತ್ತಿದೆ. ಹಸಿರು ಬಣ್ಣ ಹಾಗೇ ಇದೆ. ಪಕ್ಕದ ಸೀಟಿನ ಮೇಲೆ ಬೆರಿಲ್ ತಲೆಗೆ ಕಟ್ಟಿಕೊಳ್ಳುತ್ತಿದ್ದ ಬಟ್ಟೆ ಇನ್ನೂ ಇತ್ತು. ಅದನ್ನು ತೆಗೆದು ಮನೆಯೊಳಗೆ ಇಟ್ಟು ಬಂದೆ.

ಕಾರನ್ನು ಮಾರಿಬಿಡು ಎಂದು ಹಿಲರಿ ಹೇಳುತ್ತಾಳೆ. ಅವಳು ಹೇಳುವುದರಲ್ಲಿ ತಪ್ಪಿಲ್ಲ. ನಿನಗೆ ಗೊತ್ತಿರುವ ಹಾಗೆ ಅವಳು ಈಗಲೂ ಭಾನುವಾರ ಹತ್ತು ನಿಮಿಷ ಮಾತಾಡುತ್ತಾಳೆ, ಯಾರ್ಕಿನಲ್ಲಿ ಮಳೆ ಬಂತೋ ಇಲ್ಲವೋ ಹೇಳುತ್ತಾಳೆ, ಫೋನ್ ಇಟ್ಟುಬಿಡುತ್ತಾಳೆ. ಅಮ್ಮನನ್ನು ಕಳೆದುಕೊಂಡ ದಿನ ಆಸ್ಪತ್ರೆಯ ಕಾರಿಡಾರಿನಲ್ಲಿ ಅವಳು ಕೇಳಿದ್ದು ಒಂದೇ ಪ್ರಶ್ನೆ. "ಅಪ್ಪಾ, ಹೊರಡೋ ಮುಂಚೆ ಪೆಟ್ರೋಲ್ ಇದ್ಯಾ ಅಂತ ನೋಡ್ಲಿಲ್ವಾ?" ಅದಾದ ಮೇಲೆ ಅವಳೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೇಳುವುದಕ್ಕೆ ಏನಿತ್ತು? ಈ ಕಾರಿನ ಪೆಟ್ರೋಲ್ ಮಾಪಕದ ಮುಳ್ಳು ಸುಳ್ಳು ಹೇಳುತ್ತದೆ ಎಂದು ಗೊತ್ತಿದ್ದೂ ನಂಬಿ ಹೊರಟವನು ನಾನು. ಈಗ ಎಲ್ಲವನ್ನೂ ತುಂಬಿಸುತ್ತೇನೆ. ಒಬ್ಬನ ಚಹಾಕ್ಕೂ ಕೆಟಲು ತುಂಬ ನೀರು.

ನಿನ್ನನ್ನು ಒಂದು ವಿಷಯ ಕೇಳಬೇಕಿತ್ತು. ಕಾರಿನ ಹಿಂಭಾಗದಲ್ಲಿ ವಾಸನೆ ಬರುತ್ತಿದೆ, ನೆಲದ ಮೇಲೆ ಕಂದು ಕಲೆಯೂ ಬಿದ್ದಿದೆ. ಬಗ್ಗಿ ನೋಡಿದರೆ ಟ್ಯಾಂಕಿನ ಅಂಚಿನಲ್ಲಿ ಬಣ್ಣ ಉಬ್ಬಿ ತುಕ್ಕು ಬಂದಿದೆ. ನನ್ನ ಅರವತ್ತಕ್ಕೆ ಬೆರಿಲ್ ಉಡುಗೊರೆ ಕೊಟ್ಟ ಟ್ಯಾಂಕು ಇದು, ನೀನೇ ಹಾಕಿಕೊಟ್ಟದ್ದು. ನಾಲ್ಕೇ ವರ್ಷಕ್ಕೆ ತುಕ್ಕು ಹಿಡಿಯುತ್ತದೆಯೇ? ಮಾರುವ ಮೊದಲು ಇನ್ನೊಂದು ಹೊಸದು ತರಿಸಿ ನಾನೇ ಹಾಕೋಣ ಎಂದುಕೊಂಡಿದ್ದೇನೆ. ಭುಜ ಈಗ ಪರವಾಗಿಲ್ಲ. ಹೇಗೂ ಒಳಗೆ ಏನೂ ಇರುವುದಿಲ್ಲ, ಹಗುರವಾಗಿಯೇ ಇಳಿಯುತ್ತದೆ.

ಕಡಲ ಗಾಳಿ ನಿನ್ನ ನಾಯಿಗೆ ಒಗ್ಗಿತೇ? ಗುರುವಾರ ನೀನು ಬರುವುದಿಲ್ಲ ಎಂಬುದು ಇನ್ನೂ ಅಭ್ಯಾಸವಾಗಿಲ್ಲ. ಮೊನ್ನೆ ಎರಡು ತಟ್ಟೆ ಇಟ್ಟಿದ್ದೆ.

ನಿನ್ನ
ಡೆಸ್ಮಂಡ್


ಅಬರ್‌ಡೋವಿ
೨೯ ಮಾರ್ಚ್ ೨೦೧೯

ಲೇ ಡೆಸ್,

ನಿನ್ನ ಕಾಗದ ಓದಿ ಮೊದಲು ನಗು ಬಂತು, ಆಮೇಲೆ ಗಾಬರಿಯಾಯಿತು. ಶಾಲೆಯ ಕಿಟಕಿಗೆ ಗಾಜು ಹಾಕಿಕೊಂಡಿದ್ದವನು ನೀನು; ನಲವತ್ತು ವರ್ಷ ತಗಡು ತಟ್ಟಿದವನು ನಾನು. ಟ್ಯಾಂಕಿಗೆ ಕೈ ಹಾಕಬೇಡ ಮಾರಾಯ. ಹಳೆಯ ಪೆಟ್ರೋಲಿನ ಆವಿ ಒಳಗೆ ಕೂತಿರುತ್ತದೆ, ಒಂದು ಕಿಡಿ ಸಾಕು. ಕಾರಿನ ಅಡಿ ನುಗ್ಗಿ ಸಿಕ್ಕಿಹಾಕಿಕೊಂಡರೆ ಎಳೆಯಲು ಅಗ್ನಿಶಾಮಕದವರೇ ಬರಬೇಕು, ಬೀದಿಯವರಿಗೆಲ್ಲ ತಮಾಷೆ.

ಈಗ ಬರುವ ಹೊಸ ಟ್ಯಾಂಕುಗಳೆಲ್ಲ ಹೀಗೇ. ಬಿಸ್ಕತ್ತಿನ ಡಬ್ಬಿಯ ತಗಡು. ನಾಲ್ಕು ವರ್ಷ ಬಂದದ್ದೇ ಹೆಚ್ಚು. ಅದಕ್ಕಾಗಿ ಈಗ ತಲೆ ಕೆಡಿಸಿಕೊಳ್ಳಬೇಡ. ಕಾರನ್ನು ಇದ್ದ ಹಾಗೇ ಮಾರು. ಕೊಳ್ಳುವವನಿಗೆ ನಾನೇ ಮಾತಾಡುತ್ತೇನೆ. ಅಷ್ಟೂ ಮನಸ್ಸು ಕೇಳದಿದ್ದರೆ ಈಸ್ಟರಿಗೆ ಬಂದು ನಾನೇ ಇಳಿಸುತ್ತೇನೆ, ಅಲ್ಲಿಯವರೆಗೆ ಹೊದಿಕೆ ಹಾಕಿಡು.

ಮತ್ತೆ ಆ ಕೆಟಲಿನ ಮಾತು ಬಿಡು. ಎಷ್ಟು ಸಲ ಹೇಳಿದ್ದೇನೆ. ಮುಗಿದದ್ದು ಮುಗಿಯಿತು.

ನಾಯಿ ಚೆನ್ನಾಗಿದೆ. ಕಡಲ ಹಕ್ಕಿಗಳನ್ನು ಕಂಡರೆ ಹೆದರುತ್ತದೆ.

ಆಲ್ವಿನ್


ಬ್ಯೂಡ್ಲಿ
೭ ಏಪ್ರಿಲ್ ೨೦೧೯

ಆಲ್ವಿನ್,

ಮಧ್ಯಾಹ್ನ ಮೂರು ಗಂಟೆ. ಟ್ಯಾಂಕು ಇಳಿಸಿ ಮೂರು ದಿನವಾಯಿತು. ನಿನ್ನ ಮಾತು ಕೇಳಲಿಲ್ಲ.

ಗುರುವಾರ ಕಾರನ್ನು ಅಂಗಳಕ್ಕೆ ತಳ್ಳಿದೆ, ಹಿಂಭಾಗ ಎತ್ತಿ ಮರದ ದಿಮ್ಮಿಗಳ ಮೇಲೆ ನಿಲ್ಲಿಸಿದೆ. ಪಾತ್ರೆ ತೊಳೆಯುವ ಬೋಗುಣಿಯನ್ನು ಕೆಳಗಿಟ್ಟು, ನಾಲ್ಕು ಹನಿ ಬಿದ್ದರೆ ಬೀಳಲಿ ಎಂದು ತಳದ ಬಿರಡೆ ತಿರುಗಿಸಿದೆ. ಪೆಟ್ರೋಲು ನನ್ನ ತೋಳಿನ ಮೇಲೆ ಸುರಿಯಿತು. ಬೋಗುಣಿ ತುಂಬಿತು. ಬಿರಡೆಯ ತೂತನ್ನು ಬೆರಳಿನಲ್ಲಿ ಒತ್ತಿಹಿಡಿದು, ಕೈಗೆ ಸಿಕ್ಕಿದ ಗಿಡಕ್ಕೆ ನೀರು ಹಾಕುವ ಡಬ್ಬಿ ಎಳೆದೆ. ಅದೂ ತುಂಬಿತು. ಹಸಿರು ಕ್ಯಾನು ಎರಡೂ ತುಂಬಿದವು. ಕೊನೆಗೆ ಪಕ್ಕದ ಮನೆಯ ಶ್ರೀಮತಿ ಗಾಫ್ ಬೇಲಿಯ ಮೇಲಿಂದ ಒಂದು ಬಕೆಟ್ ಕೊಟ್ಟರು. "ಏನಪ್ಪಾ ಡೆಸ್ಮಂಡ್, ಹಸು ಕರೀತಿದ್ದೀಯಾ?" ಎಂದರು.

ಮೂವತ್ತನಾಲ್ಕು ಲೀಟರ್, ಆಲ್ವಿನ್. ಅಳೆದೆ.

ಆ ದಿನ ಹೊರಡುವ ಮೊದಲು ಸೇತುವೆಯ ಹತ್ತಿರದ ಬಂಕಿನಲ್ಲಿ ತುಂಬಿಸಿದ್ದೇನೆ ಎಂದು ನಾನು ಪೊಲೀಸರಿಗೆ ಹೇಳಿದ್ದೆ. ಚೀಟಿ ಇರಲಿಲ್ಲ. ಕಾರನ್ನು ಒಯ್ಯಲು ಟ್ರೈಲರ್ ತಂದು, ಟ್ಯಾಂಕಿನಲ್ಲಿ ಕೋಲು ಅದ್ದಿ ನೋಡಿ, ಒಣಗಿದೆ ಎಂದವನು ನೀನು. ನಮ್ಮಿಬ್ಬರದೂ ಒಂದೇ ಮಾದರಿಯ ಹಳೆಯ ಕಾರು; ಅದರ ಮುಳ್ಳನ್ನು ಯಾರೂ ನಂಬುವುದಿಲ್ಲ, ಕೋಲನ್ನು ಎಲ್ಲರೂ ನಂಬುತ್ತಾರೆ. ಹಾಗಾದರೆ ನಾನು ತುಂಬಿಸಿದ್ದು ಹಿಂದಿನ ಭಾನುವಾರ ಇರಬೇಕು ಎಂದು ನಾನೇ ತಿದ್ದಿಕೊಂಡೆ. ವಿಚಾರಣೆಯಲ್ಲೂ ಹಾಗೇ ಹೇಳಿದೆ. ಪೆಟ್ರೋಲು ಮುಗಿದು ಕಾರು ನಿಂತಿತು ಎಂದು ಬರೆದುಕೊಂಡರು.

ಇನ್ನೊಂದು ಮಾತು. ಅವತ್ತೇ, ರಸ್ತೆಯ ಬದಿಯಲ್ಲೇ ನಿನಗೆ ಇದನ್ನು ಹೇಳಿದ್ದೆ. ಟ್ಯಾಂಕು ಖಾಲಿಯಾದರೆ ಹಿಂದಿನ ಪಂಪ್ ಗಾಳಿ ಎಳೆದು ಹುಚ್ಚು ಹಿಡಿದಂತೆ ಟಕಟಕ ಎನ್ನುತ್ತದೆ. ಅವತ್ತು ಸದ್ದೇ ಇರಲಿಲ್ಲ. "ಡೆಸ್, ಇದೇನು, ಗಡಿಯಾರ ನಿಂತ ಹಾಗಾಯ್ತಲ್ಲ" ಎಂದಿದ್ದಳು ಬೆರಿಲ್. ಬಾಯಿ ಕಟ್ಟಿದ ಪಂಪ್ ಮಾತ್ರ ಹಾಗೆ ಸುಮ್ಮನಾಗುತ್ತದೆ. ಆಮೇಲೆ ಅವಳು, "ನೀನು ಬಾನೆಟ್ ತೆಗಿ, ನಾನು ತಿರುವಿನ ಹತ್ರ ನಿಂತು ಬರೋರಿಗೆ ಕೈ ತೋರಿಸ್ತೀನಿ" ಎಂದು ಇಳಿದು ನಡೆದಳು. ಅವಳಿಗೆ ಬಡಿದ ಆ ವ್ಯಾನು ಬಂದದ್ದು ಎರಡೇ ನಿಮಿಷಕ್ಕೆ. ಪಂಪಿನ ಮಾತು ಹೇಳಿದಾಗ ನೀನು ನನ್ನ ಹೆಗಲ ಮೇಲೆ ಕೈಯಿಟ್ಟು, "ನಿನಗೆ ಈಗ ಏನೂ ಕೇಳ್ಸಿರಲ್ಲ ಕಣೋ, ಸುಮ್ನಿರು" ಎಂದೆ.

ಟ್ಯಾಂಕನ್ನು ಎರಡು ದಿನ ಬಿಸಿಲಿಗಿಟ್ಟು, ಮುಳ್ಳಿನ ತಂತಿ ಕೂರುವ ತೂತಿನಿಂದ ಕೈ ಹಾಕಿದೆ. ಆರಿದ ಹಾಲಿನ ಕೆನೆಯ ಹಾಗೆ ಒಂದು ಬೂದು ಪದರ ಬೆರಳಿಗೆ ಸಿಕ್ಕಿತು. ಅಂಗೈಯಗಲ. ಅದು ಪೆಟ್ರೋಲು ಹೀರುವ ಕೊಳವೆಯ ಬಾಯಿಗೆ ಅಂಟಿಕೊಂಡಿತ್ತು. ತೂತು ಬಿದ್ದ ಹಳೆಯ ಟ್ಯಾಂಕಿನೊಳಗೆ ಡಬ್ಬಿಯಿಂದ ಸುರಿದು ಕುಲುಕುವ ಲೇಪ. ನಮ್ಮ ಹಳೆಯ ಕಾರುಗಳ ಕ್ಲಬ್ಬಿನಲ್ಲಿ ಅದನ್ನು ಬಳಸುವವರನ್ನು ಕಂಡು ನೀನು ನಗುತ್ತಿದ್ದೆ. ಹೊಸ ಟ್ಯಾಂಕಿಗೆ ಅದನ್ನು ಯಾರೂ ಹಾಕುವುದಿಲ್ಲ.

ಮತ್ತೆ ತಳದ ಎಡಮೂಲೆಯ ಬಣ್ಣ ಕೆರೆದೆ. ತೊಂಬತ್ತನಾಲ್ಕರಲ್ಲಿ ನಾನು ಜ್ಯಾಕನ್ನು ತಪ್ಪು ಜಾಗಕ್ಕೆ ಕೊಟ್ಟು ಮಾಡಿದ ತಗ್ಗು ಅಲ್ಲೇ ಇದೆ.

ಇದು ಹಳೆಯ ಟ್ಯಾಂಕು. ಬೆರಿಲ್ ಕೊಟ್ಟದ್ದು ಎಲ್ಲಿ?

ಡೆಸ್ಮಂಡ್


ಬ್ಯೂಡ್ಲಿ
೨ ಮೇ ೨೦೧೯

ಆಲ್ವಿನ್,

ಬೆಳಿಗ್ಗೆ ಎಂಟು. ನಿನ್ನಿಂದ ಉತ್ತರವಿಲ್ಲ. ನಿನ್ನ ಫೋನ್ ರಿಂಗಾಗಿ ರಿಂಗಾಗಿ ನಿಲ್ಲುತ್ತದೆ. ಈಸ್ಟರ್ ಬಂತು, ಹೋಯಿತು. ಕಡಲಿಗೆ ಹೋದವನು ಕಾಯಿಲೆ ಬಿದ್ದಿರಬಹುದು ಎಂದು ಒಂದು ದಿನ ನಾನೇ ನಿನಗಾಗಿ ಹೆದರಿದೆ ಎಂದರೆ ನಂಬುತ್ತೀಯಾ?

ನಿನ್ನೆ ಹಿಲರಿ ಫೋನ್ ಮಾಡಿದಳು. ನಿನ್ನೆ ಬುಧವಾರ.

"ಅಪ್ಪಾ, ಊಟ ಸರಿಯಾಗಿ ಮಾಡ್ತಿದ್ದೀಯಾ?" ಎಂದಳು.

"ಮಾಡ್ತಿದ್ದೀನಿ. ಯಾಕೆ?"

"ಏನಿಲ್ಲ. ಆಲ್ವಿನ್ ಮಾಮ ಫೋನ್ ಮಾಡಿದ್ರು. ನೀನು ಕಾರೆಲ್ಲಾ ಬಿಚ್ಚಿ ಹಾಕಿದ್ದೀಯಂತೆ. ಪೆಟ್ರೋಲ್ ಬಗ್ಗೆ ಏನೇನೋ ಬರೀತೀಯಂತೆ."

"ಏನೇನೋ ಅಲ್ಲ ಹಿಲರಿ. ಟ್ಯಾಂಕು ತುಂಬಿತ್ತು."

ಅವಳು ಮಗುವಿಗೆ ಹೇಳುವ ಹಾಗೆ ನಿಧಾನವಾಗಿ ಹೇಳಿದಳು. "ಅಪ್ಪಾ, ಅದು ನಿನ್ನ ತಪ್ಪು ಅಂತ ಯಾರೂ ಹೇಳ್ತಿಲ್ಲ. ಆದ್ರೆ ಹೀಗೆ ಕಥೆ ಕಟ್ಕೋಬಾರ್ದು. ಒಂದ್ಸಲ ಡಾಕ್ಟರ್ ಹತ್ರ ಹೋಗಿ ಬಾ. ಆಲ್ವಿನ್ ಮಾಮನೂ ಅದನ್ನೇ ಅಂದ್ರು. ಪಾಪ, ಅವರು ಅತ್ತುಬಿಟ್ರು."

ನೀನು ಅಳುವುದರಲ್ಲಿ ಜಾಣ. ಸಮಾಧಿಯ ಹತ್ತಿರವೂ ಎಲ್ಲರಿಗಿಂತ ಹೆಚ್ಚು ಅತ್ತವನು ನೀನೇ. ನಿನ್ನನ್ನು ಹಿಡಿದುಕೊಂಡು ನಿಂತವನು ನಾನು.

ನಾನು ಟ್ಯಾಂಕಿನ ವಿಷಯ ಕೇಳಿ ಬರೆದದ್ದು ನಿನಗೆ. ನೀನು ಉತ್ತರ ಕೊಟ್ಟದ್ದು ನನ್ನ ಮಗಳಿಗೆ.

ನಿನ್ನ ಕಾರಿನ ಅಡಿಯಲ್ಲಿ ಯಾವ ಟ್ಯಾಂಕಿದೆ ಎಂದು ಕೇಳಿ ನಾನು ಕ್ಲಬ್ಬಿಗೆ ಬರೆಯಬಹುದು. ಅದಕ್ಕೆ ಮೊದಲು ನಿನ್ನಿಂದ ಕೇಳಬೇಕೆಂದಿದ್ದೇನೆ. ಹದಿನೈದು ದಿನ ಕಾಯುತ್ತೇನೆ.

ಡೆಸ್ಮಂಡ್ ಪ್ರಿಚೆಟ್


ಅಬರ್‌ಡೋವಿ
೧೯ ಮೇ ೨೦೧೯

ಡೆಸ್,

ಇದು ಐದನೆಯ ಕಾಗದ. ನಾಲ್ಕನ್ನು ಹರಿದೆ.

ಅದು ನನ್ನ ಕಾರಿನಲ್ಲಿದೆ. ಹೇಗಾಯಿತು ಎಂದು ಹೇಳುತ್ತೇನೆ, ನಂಬುವುದು ಬಿಡುವುದು ನಿನಗೆ ಸೇರಿದ್ದು.

ಆ ಮೇ ತಿಂಗಳು ನೀನು ಭುಜಕ್ಕೆ ಶಸ್ತ್ರಚಿಕಿತ್ಸೆಯಾಗಿ ಕೈ ಕಟ್ಟಿಕೊಂಡು ಕೂತಿದ್ದೆ. ಟ್ಯಾಂಕಿನ ಪೆಟ್ಟಿಗೆ ನನ್ನ ಷೆಡ್ಡಿನಲ್ಲಿತ್ತು. ಕ್ಲಬ್ಬಿನ ವೇಲ್ಸ್ ಯಾತ್ರೆಗೆ ನಾಲ್ಕು ದಿನವಿದೆ ಎನ್ನುವಾಗ ನನ್ನ ಟ್ಯಾಂಕಿನ ಬೆಸುಗೆ ಬಿಟ್ಟಿತು. ಮೂವತ್ತು ಕಾರು, ಎಲ್ಲರಿಗಿಂತ ಮುಂದೆ ನಾನು ಹೋಗಬೇಕು. ಹೊಸದು ತರಿಸಲು ಹತ್ತು ದಿನ. ನಿನ್ನದು ಎದುರಿಗೇ ಇದೆ, ನಿನ್ನ ಕಾರು ಆ ಬೇಸಿಗೆ ಹೇಗೂ ಹೊರಗೆ ಹೋಗುವುದಿಲ್ಲ. ಎರವಲು ತೆಗೆದುಕೊಂಡೆ ಎಂದುಕೊಂಡೆ. ನಿನ್ನ ಹಳೆಯದನ್ನು ಚೆನ್ನಾಗಿ ತೊಳೆದು ಒಳಗೆ ಎರಡು ಸಲ ಲೇಪ ಕೊಟ್ಟೆ, ಹೊರಗೆ ಕರಿ ಬಣ್ಣ ಬಳಿದು ನಿನ್ನ ಕಾರಿಗೇ ಮತ್ತೆ ಹಾಕಿದೆ. ಕೆಲಸ ಅಚ್ಚುಕಟ್ಟಾಗಿತ್ತು. ಚಳಿಗಾಲದಲ್ಲಿ ಬದಲಾಯಿಸೋಣ ಎಂದಿದ್ದೆ. ಆ ಚಳಿಗಾಲ ಹೋಯಿತು, ಮುಂದಿನದೂ ಹೋಯಿತು. ಕಾರು ಓಡುತ್ತಿತ್ತು. "ಆಲ್ವಿನ್, ಟ್ಯಾಂಕು ಹಾಕಿದ ಮೇಲೆ ಗಾಡಿ ಹಕ್ಕಿಯಾಗಿದೆ" ಎಂದು ಬೆರಿಲ್ ಹೇಳಿದಳು. ಆಮೇಲೆ ಬಾಯಿ ಬಿಡುವುದು ಕಷ್ಟವಾಯಿತು.

ಅವತ್ತು ಟ್ರೈಲರ್ ತೆಗೆದುಕೊಂಡು ಬಂದಾಗ ನನಗೆ ಏನೂ ಗೊತ್ತಿರಲಿಲ್ಲ. ಪಂಪಿನ ವಿಷಯ ನೀನು ಹೇಳಿದ ಕ್ಷಣಕ್ಕೆ ಗೊತ್ತಾಯಿತು. ಪೊಲೀಸಿನವನು ಬಂದು, "ಇದರಲ್ಲಿ ಪೆಟ್ರೋಲ್ ಇದ್ಯಾ ಸರ್?" ಎಂದು ನನ್ನನ್ನು ಕೇಳಿದ. ಕೋಲು ಅದ್ದಿದೆ. ಗೇಣುದ್ದ ಒದ್ದೆಯಾಗಿ ಬಂತು. ಅವನಿಗೆ ಬೆನ್ನು ತಿರುಗಿಸಿ ಪ್ಯಾಂಟಿಗೆ ಒರೆಸಿಕೊಂಡು "ಒಣಗಿದೆ" ಎಂದೆ. ಯಾಕೆ ಎಂದು ಕೇಳಬೇಡ. ಮಾತು ಬಂದುಬಿಟ್ಟಿತು. ಆಮೇಲೆ ಅದರ ಮೇಲೆ ನಿಲ್ಲಬೇಕಾಯಿತು. ಕಾರು ನನ್ನ ಷೆಡ್ಡಿಗೆ ಬಂದ ಮೇಲೂ ಆ ಟ್ಯಾಂಕನ್ನು ಮುಟ್ಟುವ ಧೈರ್ಯವಾಗಲಿಲ್ಲ.

ಹಿಲರಿಗೆ ಫೋನ್ ಮಾಡಿದ್ದು ನನ್ನ ಜೀವನದಲ್ಲೇ ಕೀಳು ಕೆಲಸ. ಹೆದರಿದ್ದೆ.

ನಿನಗೆ ಏನು ಬೇಕಾದರೂ ಮಾಡುತ್ತೇನೆ. ಆ ಟ್ಯಾಂಕನ್ನು ಇಳಿಸಿ ತಂದುಕೊಡುತ್ತೇನೆ. ಆದರೆ ಕ್ಲಬ್ಬಿಗೆ ಹೇಳಬೇಡ ಡೆಸ್, ನನಗೆ ಇನ್ನೇನೂ ಉಳಿದಿಲ್ಲ. ಇದನ್ನು ನಮ್ಮಿಬ್ಬರಲ್ಲೇ ಇಟ್ಟುಕೊಳ್ಳೋಣ. ಬೆರಿಲ್ ಇದ್ದಿದ್ದರೆ ಕ್ಷಮಿಸುತ್ತಿದ್ದಳು, ಅವಳ ಮನಸ್ಸು ನಿನಗೆ ಗೊತ್ತು.

ಆಲ್ವಿನ್


ಬ್ಯೂಡ್ಲಿ
೨೩ ಮೇ ೨೦೧೯

ಆಲ್ವಿನ್,

ಬೆಳಿಗ್ಗೆ ಹತ್ತು. ನಿನ್ನ ಕಾಗದ ನಿನ್ನೆ ಬಂತು. ಅದನ್ನು ಹಿಲರಿಗೆ ಕಳಿಸಿದ್ದೇನೆ.

ಬೆರಿಲ್ ಏನು ಮಾಡುತ್ತಿದ್ದಳು ಎಂದು ನನಗೆ ಹೇಳಬೇಡ. ಅವಳ ಹೆಸರನ್ನು ಇನ್ನು ಬರೆಯಬೇಡ.

ಟ್ಯಾಂಕು ಅದಲು ಬದಲು ಮಾಡಿದ್ದನ್ನು ನಾನು ಕ್ಷಮಿಸಬಲ್ಲೆ. ಕೈ ಕಟ್ಟಿಕೊಂಡು ಕೂತಿದ್ದರೂ ನೀನು ಕೇಳಿದ್ದರೆ ನಾನೇ ಕೊಡುತ್ತಿದ್ದೆ, ಅದು ನಿನಗೂ ಗೊತ್ತು. ಲೇಪ ಎದ್ದು ಬರುತ್ತದೆ ಎಂದು ನಿನಗೆ ತಿಳಿದಿರಲಿಲ್ಲ ಎಂದೂ ಒಪ್ಪುತ್ತೇನೆ. ರಸ್ತೆಯ ಬದಿಯಲ್ಲಿ ಬಂದ ಆ ಒಂದು ಮಾತು, ಅದನ್ನೂ ಎಂದಾದರೂ ಒಂದು ದಿನ ಕ್ಷಮಿಸುತ್ತಿದ್ದೆನೇನೋ.

ಆದರೆ ಆಮೇಲೆ ಒಂದೂವರೆ ವರ್ಷ ಗುರುವಾರ ಗುರುವಾರ ನನ್ನ ಅಡುಗೆಮನೆಗೆ ಬಂದೆ. ನಾನು ಮಾಡಿದ ಪೈ ತಿಂದೆ, ಉಪ್ಪು ಜಾಸ್ತಿ ಎಂದು ಕೀಟಲೆ ಮಾಡಿದೆ. "ನಾನು ಅವಳನ್ನ ಕೊಂದೆ ಆಲ್ವಿನ್" ಎಂದು ನಾನು ಮೇಜಿನ ಮೇಲೆ ತಲೆಯಿಟ್ಟ ದಿನ ನೀನು ಎದುರಿಗೇ ಕೂತಿದ್ದೆ. "ಮರೆವು ಯಾರಿಗಾದ್ರೂ ಆಗುತ್ತೆ ಕಣೋ" ಎಂದೆ. ಎದ್ದು ಚಹಾ ಮಾಡಿಕೊಟ್ಟೆ. ಸಕ್ಕರೆ ಎಷ್ಟು ಎಂದೂ ಕೇಳಲಿಲ್ಲ, ಅಷ್ಟು ಚೆನ್ನಾಗಿ ನನ್ನನ್ನು ಬಲ್ಲೆ.

ನೀನು ಬರುತ್ತಿದ್ದದ್ದು ನನ್ನನ್ನು ನೋಡಲೋ, ನಾನು ಇನ್ನೂ ನಂಬಿದ್ದೇನೆಯೇ ಎಂದು ನೋಡಲೋ? ಉತ್ತರ ಬರೆಯಬೇಡ.

ಟ್ಯಾಂಕನ್ನು ತಂದಿಡು. ಅದು ನಮ್ಮದು. ಗೇಟಿನ ಒಳಗೆ ಕಾಲುದಾರಿಯ ಮೇಲೆ ಇಟ್ಟುಹೋಗು. ಬಾಗಿಲು ತಟ್ಟಬೇಡ.

ಡೆಸ್ಮಂಡ್ ಪ್ರಿಚೆಟ್


ಬ್ಯೂಡ್ಲಿ
೬ ಜೂನ್ ೨೦೧೯

ಪ್ರೀತಿಯ ಹಿಲರಿ,

ಸಂಜೆ ಏಳು ಗಂಟೆ. ಇನ್ನೂ ಬೆಳಕಿದೆ. ಇವತ್ತು ದಿನವೆಲ್ಲ ಕಾರಿನ ಅಡಿಯಲ್ಲೇ ಕಳೆದೆ.

ನಿನ್ನ ಕಾಗದ ಸೋಮವಾರ ಬಂತು. ಹಲವು ಸಲ ಓದಿದೆ. ಕ್ಷಮೆ ಕೇಳಿದ್ದೀಯ. ನೀನು ಆಸ್ಪತ್ರೆಯ ಕಾರಿಡಾರಿನಲ್ಲಿ ಕೇಳಿದ ಪ್ರಶ್ನೆ ತಪ್ಪಲ್ಲ ಮಗಳೇ. ನಾನೂ ನನ್ನನ್ನು ಅದನ್ನೇ ಕೇಳಿಕೊಳ್ಳುತ್ತಿದ್ದೆ. ಆದರೆ ಮೇ ತಿಂಗಳಲ್ಲಿ, ಟ್ಯಾಂಕು ತುಂಬಿತ್ತು ಎಂದು ನಾನು ನನ್ನ ಬಾಯಿಂದ ಹೇಳಿದಾಗ, ನೀನು ಅಳುವವನ ಮಾತನ್ನು ನಂಬಿದೆ, ನನ್ನದನ್ನು ನಂಬಲಿಲ್ಲ. ಅದರಿಂದ ನೋವಾಗಿದೆ. ಹೇಳದೆ ಇಟ್ಟುಕೊಳ್ಳಬಾರದು ಎಂದು ಹೇಳುತ್ತಿದ್ದೇನೆ. ಹೇಳದೆ ಇಟ್ಟುಕೊಂಡದ್ದರಿಂದ ಈ ಮನೆಯಲ್ಲಿ ಏನಾಯಿತು ಎಂದು ನೋಡಿದ್ದೇವೆ.

ಅವನು ಶನಿವಾರ ಬಂದಿದ್ದ. ನಾನು ಮೇಲಿನ ಕೋಣೆಯ ಕಿಟಕಿಯಲ್ಲಿದ್ದೆ. ಟ್ಯಾಂಕನ್ನು ಕಂಬಳಿಯಲ್ಲಿ ಸುತ್ತಿ ತಂದು ಕಾಲುದಾರಿಯ ಮೇಲಿಟ್ಟ. ಮುದುಕನಾಗಿದ್ದಾನೆ. ಅರ್ಧ ಗಂಟೆ ತನ್ನ ವ್ಯಾನಿನಲ್ಲೇ ಕೂತಿದ್ದ. ನಾನು ಇಳಿಯಲಿಲ್ಲ. ಶ್ರೀಮತಿ ಗಾಫ್ ಬೇಲಿಯ ಮೇಲಿಂದ, "ಏನ್ ಆಲ್ವಿನ್, ಇಷ್ಟು ದೂರ ಬಂದು ಒಳಗೆ ಹೋಗಲ್ವಾ? ಜಗಳಾನಾ?" ಎಂದು ಕೂಗುತ್ತಿದ್ದರು. ಅವನು ತಲೆಯಾಡಿಸಿ ಹೊರಟುಹೋದ.

ನನ್ನ ಅರವತ್ತರ ದಿನ ನಿನ್ನ ಅಮ್ಮ ಆ ಟ್ಯಾಂಕಿಗೆ ಕೆಂಪು ರಿಬ್ಬನ್ ಕಟ್ಟಿ ಸೋಫಾದ ಮೇಲೆ ಕೂರಿಸಿದ್ದಳು, ನೆನಪಿದೆಯಾ? ಕೇಕಿಗೆ ಮೊದಲು ಮಾರ್ಕರ್ ತೆಗೆದುಕೊಂಡು ಅದರ ನೆತ್ತಿಯ ಮೇಲೆ ಏನೋ ಬರೆದಳು. ನನ್ನನ್ನು ನೋಡಲು ಬಿಡಲಿಲ್ಲ. "ಅದು ಕಾರಿನ ಅಡೀಲಿರ್ಲಿ, ಮುಂದಿನ ಸಲ ಬಿಚ್ಚಿದಾಗ ಓದ್ಕೋ" ಎಂದಳು. ಈಗ ಅದರ ಮೇಲೂ ಅವನು ಕರಿ ಬಣ್ಣ ಬಳಿದಿದ್ದಾನೆ. ಥಿನ್ನರ್ ಹಚ್ಚಿ ಮೆಲ್ಲಗೆ ಉಜ್ಜಿದೆ. ಬಣ್ಣದ ಜೊತೆಗೆ ಅಕ್ಷರವೂ ಎದ್ದು ಬಟ್ಟೆಗೆ ಬಂತು. ಎಲ್ ಅಕ್ಷರದ್ದೋ ಏನೋ, ನಿನ್ನ ಹೆಸರಿನಲ್ಲೂ ಬರುವ ಒಂದು ಉದ್ದ ಗೆರೆ ಉಳಿಯಿತು, ಅಷ್ಟೇ. ನೀನು ಅಲ್ಲಿದ್ದೆ. ಅವಳು ಬರೆದದ್ದನ್ನು ನೀನು ನೋಡಿದ್ದರೆ ನನಗೆ ಬರೆದು ತಿಳಿಸು.

ಇವತ್ತು ಅದನ್ನು ಹಾಕಿದೆ. ಮೇಲೆ ನೀರು ನಿಂತು ತುಕ್ಕು ಹಿಡಿಯುವುದೇ ಈ ಕಾರುಗಳ ರೋಗ. ಅದಕ್ಕೆ ನೆತ್ತಿಗೆ ಗ್ರೀಸು ಬಳಿದು ಹೊಸ ಪಟ್ಟಿಗಳನ್ನು ಅಂಟಿಸಿದೆ. ಎದೆಯ ಮೇಲೆ ಟ್ಯಾಂಕನ್ನು ಇಟ್ಟುಕೊಂಡು, ಮೊಣಕಾಲಿನಿಂದ ಎತ್ತಿ ಹಿಡಿದು, ಒಂದು ಕೈಯಲ್ಲಿ ಮೊದಲ ಬೋಲ್ಟು ಹುಡುಕಿಕೊಂಡೆ. ಭುಜ ಉರಿಯುತ್ತಿದೆ. ಹತ್ತು ಲೀಟರ್ ಸುರಿದು ಕೀಲಿ ತಿರುಗಿಸಿದೆ. ಪಂಪ್ ನಲವತ್ತು ಸಲ ಟಕ್ ಟಕ್ ಎಂದು ಬಡಿದು, ಹೊಟ್ಟೆ ತುಂಬಿದ ಹಾಗೆ ನಿಧಾನವಾಗಿ ನಿಂತಿತು. ಎಂಜಿನ್ ಎರಡನೆಯ ಸಲಕ್ಕೆ ಹತ್ತಿತು. ಸ್ವಲ್ಪ ಹೊತ್ತು ಕೂತಿದ್ದು ಆರಿಸಿದೆ. ಕಾರನ್ನು ಮಾರುವುದಿಲ್ಲ. ಓಡಿಸುತ್ತೇನೋ ಗೊತ್ತಿಲ್ಲ.

ತಪ್ಪು ನನ್ನದಲ್ಲ ಎಂದು ಗೊತ್ತಾದರೆ ಹಗುರವಾಗುತ್ತದೆ ಎಂದು ನೀನು ಬರೆದಿದ್ದೀಯ. ಹಾಗೆ ಆಗಲಿಲ್ಲ ಹಿಲರಿ. ಇಷ್ಟು ದಿನ ಆ ತಪ್ಪು ನನ್ನ ಮತ್ತು ಅವಳ ನಡುವಿನದಾಗಿತ್ತು. ಬೆಳಿಗ್ಗೆ ಎದ್ದು ಅವಳ ಕ್ಷಮೆ ಕೇಳುತ್ತಿದ್ದೆ, ಮಾತಾಡಲು ಅದೊಂದಾದರೂ ಇತ್ತು. ಈಗ ಅಲ್ಲಿ ಅವನು ಬಂದು ಕೂತಿದ್ದಾನೆ.

ನಮ್ಮಿಬ್ಬರಲ್ಲೇ ಇಟ್ಟುಕೊಳ್ಳೋಣ ಎಂದು ಅವನು ಕೇಳಿದ್ದ. ಸ್ನೇಹಿತನಾಗಿ ಕೇಳಿದ ಕೊನೆಯ ಮಾತು. ಮೂರು ದಿನ ಯೋಚಿಸಿದೆ. ಅವಳ ಸಾವಿನ ವಿಚಾರಣೆಯ ಕಾಗದದಲ್ಲಿ ಇವತ್ತಿಗೂ ಪೆಟ್ರೋಲು ಮುಗಿದಿತ್ತು ಎಂದೇ ಬರೆದಿದೆ. ಅವನ ಕಾಗದದ ಪ್ರತಿ ನೀನು ಮಾಡಿಸಿ ಕಳಿಸಿದೆಯಲ್ಲ, ಅದನ್ನು ಮಂಗಳವಾರ ಪೊಲೀಸರಿಗೆ ಕೊಟ್ಟೆ.

ನೀನು ಬರೆದ ಹಾಗೆ ಈ ಶನಿವಾರ ಬರಬೇಡ, ಪೊಲೀಸರ ಕೆಲಸ ಮುಗಿಯಲಿ. ಮುಂದಿನ ಶನಿವಾರ ಬಾ. ಒಂದು ರಾತ್ರಿ ಇದ್ದು ಹೋಗುವ ಹಾಗೆ ಬಾ.

ನಾಳೆ ಹತ್ತು ಗಂಟೆಗೆ ರಸ್ತೆ ಅಪಘಾತಗಳನ್ನು ನೋಡಿಕೊಳ್ಳುವ ಪೊಲೀಸ್ ಹೆಂಗಸು ಬಂದು ಹಳೆಯ ಟ್ಯಾಂಕನ್ನು ತೆಗೆದುಕೊಂಡು ಹೋಗುತ್ತಾಳೆ. ಅದನ್ನು ತೊಳೆಯಬಾರದು ಎಂದು ಹೇಳಿದ್ದಾಳೆ.

ನಿನ್ನ
ಅಪ್ಪ